ಹೆಬ್ಬೆಟ್ಟಿನ ಕಾಲಾಣೆ

ಹೊಸ ಮನೆಗೆ ಚೌಕಟ್ಟು ನಿಲ್ಲಿಸುವ ದಿನ ಹೊಸ್ತಿಲ ಕೆಳಗೆ ತಾಮ್ರದ ಹಳೆಯ ದುಡ್ಡೊಂದನ್ನು ಇಡಬೇಕು. ಅದು ನಮ್ಮ ಮನೆತನದ ಪದ್ಧತಿ. ಆ ದುಡ್ಡನ್ನು ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದೇ ಇಡಬೇಕು. ಇದು ನಮ್ಮ ದೊಡ್ಡಪ್ಪ ರೇವಪ್ಪನ ಪದ್ಧತಿ. ಗೊಳಸಂಗಿಯಿಂದ ಬಸ್ಸು ಹತ್ತಿ ನಿಡಗುಂದಿಗೆ ಬಂದವನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಶುರು ಮಾಡಿದ.

"ಇದೇನ ದುಡ್ಡೋ, ಡಾಂಬರ ಉಂಡಿಯೋ? ಇಂದುಬಾಯಿ, ಹುಣಸಿಹಣ್ಣ ತಗೊಂಡ ಬಾ," ಎಂದು ಅವ್ವನನ್ನು ಕೂಗಿದ.

"ಅದನ್ನ ತೊಳಿಯೂದಿಲ್ರಿ ದೊಡ್ಡಪ್ಪ," ಎಂದೆ.

ಅದು ನನ್ನಪ್ಪನ ಕಾಲಾಣೆ. ಅಪ್ಪ ಸುಟ್ಟ ಪಂಪ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುತ್ತಿದ್ದ. ಈಗ ನಾನೂ ಅದೇ ಕೆಲಸ ಮಾಡುತ್ತೇನೆ. ದೊಡ್ಡ ತಿರುಪುಗಳನ್ನು ಬಿಚ್ಚಲು ಅವನು ಆ ಕಾಲಾಣೆಯ ಅಂಚನ್ನು ಅರದಿಂದ ತಿಕ್ಕಿ ತೆಳ್ಳಗೆ ಮಾಡಿಕೊಂಡಿದ್ದ. ರಾಜನ ಅರ್ಧ ಮುಖ ಅದರಲ್ಲೇ ಹೋಗಿತ್ತು. ಇನ್ನೊಂದು ಬದಿಗೆ ತಂತಿಗೆ ಹೊಯ್ಯುವ ವಾರ್ನಿಷ್ ಮೆತ್ತಿ ಒಣಗಿತ್ತು. ಅದರಲ್ಲಿ ಅಪ್ಪನ ಹೆಬ್ಬೆರಳಿನ ಗೆರೆಗಳು ಹಾಗೇ ಮೂಡಿದ್ದವು. ಅಪ್ಪ ಹೋದ ಮೇಲೆ ಅವನ ಮೈಯದು ಅಂತ ಉಳಿದದ್ದು ಅದೊಂದೇ. ಹೊಸ್ತಿಲ ಕೆಳಗೆ ಅದನ್ನೇ ಇಡೋಣ ಎಂದವಳು ಅವ್ವ. ಅಪ್ಪನೂ ಈ ಮನೆಯಲ್ಲಿ ಇದ್ದಂತಾಗುತ್ತದೆ ಎಂದು ನಾನು ಒಪ್ಪಿದ್ದೆ. ತೊಳೆದರೆ ಇಡುವುದು ಬರೀ ತಾಮ್ರದ ಚೂರು.

ಮುದ್ದೇಬಿಹಾಳದ ಸಂತೆಯಲ್ಲಿ ಹಳೆಯ ನಾಣ್ಯ ಕೊಂಡು ಮಾರುವ ಮಶಾಕಸಾಬನಿಗೆ ಅದನ್ನು ಒಮ್ಮೆ ತೋರಿಸಿದ್ದೆ. "ಇದಕ್ಕ ಯಾರೂ ಒಂದ ಚಾ ಸೈತ ಕುಡಸೂದಿಲ್ಲೋ ತಮ್ಮಾ, ಮುಕ್ಕಾಗೇತಿ," ಎಂದಿದ್ದ. "ಆದ್ರ ತೊಳೀಬ್ಯಾಡ. ತೊಳದ್ರ ಮ್ಯಾಲ ಇದ್ದದ್ದೆಲ್ಲಾ ಹೋಗತೈತಿ." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

"ಮೈಲಿಗಿ ದುಡ್ಡ ಹೊಸ್ತಲಾ ಕೆಳಗ ಇಡ್ತೀಯೇನೋ?" ದೊಡ್ಡಪ್ಪ ಬಿಡಲಿಲ್ಲ. "ಅದರಾಗ ಅಂಥಾದ್ದೇನೈತಿ?"

"ಅಪ್ಪನ ಹೆಬ್ಬೆಟ್ಟೈತಿ."

"ಹೆಬ್ಬೆಟ್ಟಾ?" ದೊಡ್ಡಪ್ಪ ನಕ್ಕ. "ಇರೂತನಾ ಅದನ್ನ ಒತ್ತಿದಾ. ಇನ್ನ ಮನಿಗೂ ಅದೇ ಬೇಕೇನು? ನೀನೂ ಏಳನೇತ್ತಕ್ಕ ಸಾಲಿ ಬಿಟ್ಟಾಂವಾ, ನಿನಗೇನ ತಿಳೀತೈತಿ."

ಸಹಿ ಮಾಡಲು ಬಾರದವನನ್ನು ನಮ್ಮಲ್ಲಿ ಹೆಬ್ಬೆಟ್ಟು ಎಂದೇ ಕರೆಯುತ್ತಾರೆ. ಈ ಜಾಗದ ಖರೀದಿ ಪತ್ರಕ್ಕೆ ಅಪ್ಪ ಹೆಬ್ಬೆಟ್ಟು ಒತ್ತುವಾಗಲೂ ದೊಡ್ಡಪ್ಪ ನಾಲ್ಕು ಮಂದಿಯ ಮುಂದೆ ಹೀಗೇ ನಕ್ಕಿದ್ದ. ಅಪ್ಪ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಿದ್ದ, ಅಷ್ಟೆ. ನಾನು ಅಪ್ಪನಲ್ಲ. ನನ್ನ ಕೈಯಲ್ಲಿ ಸಲಿಕೆ ಇತ್ತು, ದೊಡ್ಡಪ್ಪನ ತಲೆಯೂ ಹತ್ತಿರದಲ್ಲೇ ಇತ್ತು. ಸಲಿಕೆ ಬಿಸಾಕಿ ರಸ್ತೆಗೆ ಹೋಗಿ ನಿಂತೆ.

ಗೋಡೆ ಕಟ್ಟುವ ಗೌಂಡಿ ಕೂಗಿದ ಮೇಲೆ ತಿರುಗಿ ಬಂದೆ. ಅವ್ವ ನೀರಿನ ಡ್ರಮ್ಮಿನ ಪಕ್ಕ ಕೂತಿದ್ದಳು. ಮುಂದೆ ಹುಣಸೆಹಣ್ಣಿನ ಬಟ್ಟಲು, ಮುಚ್ಚಿದ ಮುಷ್ಟಿಯಲ್ಲಿ ಕಾಲಾಣೆ.

"ತೊಳದ್ಯಾ?"

"ತೊಳದೆ."

"ಯಾರನ್ನ ಕೇಳಿ ತೊಳದಿ ನೀ?"

ಬಟ್ಟಲನ್ನು ಒದ್ದೆ. ಅದು ಹಾರಿ ಉಸುಕಿನ ಗುಡ್ಡೆಗೆ ಬಿತ್ತು. ಗೌಂಡಿ ಕೆಲಸ ನಿಲ್ಲಿಸಿ ನೋಡಿದ. ಅವ್ವ ದನಿ ಏರಿಸಲಿಲ್ಲ.

"ಒದ್ದದ್ದ ಮುಗೀತಾ? ಮೋಟಾರ ಕಟ್ಟಾಂವ ನೀನೋ ನಾನೋ? ವಾರ್ನಿಷ್ ಎಲ್ಲ್ಯರೆ ಹುಣಸಿಹಣ್ಣಿಗಿ ಹೋಗತೈತೇನು? ನಿಮ್ಮಪ್ಪನ ಅಂಗಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವು. ಒಂದ ಕಲೀನೂ ಹೋಗಿಲ್ಲ."

ಮುಷ್ಟಿ ಬಿಚ್ಚಿದಳು. ಸುತ್ತಲ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ನಡುವೆ ವಾರ್ನಿಷ್ ಕಪ್ಪಗೆ ಹಾಗೇ ಇತ್ತು. ಜಿಡ್ಡು, ಧೂಳು ಹೋಗಿ ಹೆಬ್ಬೆರಳಿನ ಗೆರೆಗಳು ಮೊದಲಿಗಿಂತ ಚೆಂದ ಕಾಣುತ್ತಿದ್ದವು. ಒಣಗಿದ ವಾರ್ನಿಷ್ ತೆಗೆಯಲು ನಾನೇ ಅಂಗಡಿಯಲ್ಲಿ ಬೆಂಕಿ ಹಚ್ಚಿ ಸುಡುತ್ತೇನೆ, ಉಳಿ ಹಿಡಿದು ಕೆತ್ತುತ್ತೇನೆ. ಸಿಟ್ಟಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

ದೊಡ್ಡಪ್ಪ ಬಗ್ಗಿ ನೋಡಿದ. "ಇನ್ನೂ ಕರೀದ ಉಳದೈತಲ್ಲವಾ."

"ಉಳೀಲಿ ಬಿಡ್ರಿ ಭಾವಾರ," ಎಂದಳು ಅವ್ವ. "ಜಾಗಾದ ಕಾಗದಕ್ಕ ಅವರ ಹೆಬ್ಬೆಟ್ಟ ನಡದೈತಿ. ಮನಿಗೂ ನಡೀತೈತಿ."

ದೊಡ್ಡಪ್ಪ ಗೌಂಡಿಯ ಕಡೆ ತಿರುಗಿ, ಚೌಕಟ್ಟು ಸೀದಾ ಐತೇನು ಎಂದು ಕೇಳಿದ.

"ಯಾವ ಮಗ್ಗಲ ಮ್ಯಾಲ ಇಡೂಣು?" ಎಂದ ಗೌಂಡಿ.

"ಹೆಬ್ಬೆಟ್ಟ ಮ್ಯಾಲ," ಎಂದೆ. ನಾನೇ ಇಟ್ಟೆ. ಹಸಿ ಸಿಮೆಂಟಿನಲ್ಲಿ ಕೂರಲೆಂದು ಅಪ್ಪನ ಹೆಬ್ಬೆಟ್ಟಿನ ಮೇಲೆ ನನ್ನ ಹೆಬ್ಬೆರಳಿಟ್ಟು ಒತ್ತಿದೆ. ಅದರ ಮೇಲೆ ಹೊಸ್ತಿಲು ಕೂತಿತು.

"ಆ ಬಟ್ಟಲಾ ಯಾರ ತೊಳೀಬೇಕು?" ಎಂದಳು ಅವ್ವ.

ಉಸುಕಿನಿಂದ ಎತ್ತಿಕೊಂಡು ಬಂದು ತೊಳೆದೆ.