ನೀಹಾರಿಕೆಯ ಕಡುಗೆಂಪು

ಬೈಕಂಪಾಡಿಯ ಮೀನಿನ ಶೈತ್ಯಾಗಾರದಲ್ಲಿ ಅಂದು ಹೊಸ ಪರದೆಯ ಉದ್ಘಾಟನೆ. ಕಟ್ಟಡದ ಯಾವ ಮೂಲೆಯಲ್ಲಿ ಅಮೋನಿಯಾ ಅನಿಲ ಎಷ್ಟು ಸೋರುತ್ತಿದೆ ಎಂಬುದನ್ನು ಬಣ್ಣದಲ್ಲೇ ತೋರಿಸುವ ನಕ್ಷೆ ಅದು. ಅದರ ಬಣ್ಣಗಳನ್ನು ವಿನ್ಯಾಸಕಿ ಝಹ್ರಾ ಆರಿಸಿದ್ದು ದೂರದರ್ಶಕ ತೆಗೆದ ಒಂದು ನೀಹಾರಿಕೆಯ ಚಿತ್ರದಿಂದ. ಕಪ್ಪು ಹಿನ್ನೆಲೆ, ಕ್ಷೇಮಕ್ಕೆ ನಡುವಿನ ಹೊಂಬಿಳುಪು, ಎಚ್ಚರಿಕೆಗೆ ಕಿತ್ತಳೆ, ಅಪಾಯಕ್ಕೆ ಅಂಚಿನ ಕಡುಗೆಂಪು. ಕೊಡಿಯಾಲ್‌ಬೈಲಿನ ಅವಳ ಆಫೀಸಿನ ಮಂದ ಬೆಳಕಿನಲ್ಲಿ ಆ ಕೆಂಪು ಕೆಂಡದಂತೆ ಹೊಳೆದಿತ್ತು.

ಇಲ್ಲಿ ಶೈತ್ಯಾಗಾರದ ಬಾಗಿಲು ತೆರೆದಿತ್ತು. ಬಿಸಿಲು ನೇರ ಪರದೆಗೇ ಬಡಿಯುತ್ತಿತ್ತು.

"ಪ್ಯಾಕಿಂಗ್ ಹಾಲ್ ಯಾಕೆ ಕಾಣುವುದಿಲ್ಲ?" ಝಹ್ರಾ ಕೇಳಿದಳು.

"ಅಲ್ಲಿಯ ಸೆನ್ಸರ್ ಆಫ್ ಆಗಿರ್ಬೇಕು, ಕಪ್ಪು ಉಂಟಲ್ಲ," ಎಂದರು ಪಾಳಿಯ ಮೇಲ್ವಿಚಾರಕಿ ವಿನೋದಾ.

ಝಹ್ರಾ ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. ಕಪ್ಪಲ್ಲ, ಕಡುಗೆಂಪು! ಬೆರಳಿಟ್ಟಾಗ ಅಂಕಿ ಮೂಡಿತು. ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು.

"ಸೈರನ್ ಯಾಕೆ ಕೂಗ್ಲಿಲ್ಲ?"

"ಉದ್ಘಾಟನೆ ಮುಗಿಯುವವರೆಗೆ ನಾನೇ ಆಫ್ ಮಾಡಿಸಿದ್ದು," ಎಂದ ಅವಳ ಬಾಸ್ ಶೋಭಿತ್. ಆಮೇಲೆ ದನಿ ತಗ್ಗಿಸಿ, "ಗೆಸ್ಟ್‌ಗಳು ಗೇಟಿನ ಹತ್ರ ಬಂದಿದ್ದಾರೆ. ಹೊಸ ಸೆನ್ಸರ್, ತಪ್ಪು ತೋರಿಸ್ತಾ ಇರ್ಬಹುದು. ಸ್ವಲ್ಪ ನಿಲ್ಲು ಮಾರಾಯ್ತಿ," ಎಂದ.

"ನಿಲ್ಲಲಿಕ್ಕೆ ಆಗುವುದಿಲ್ಲ ಸರ್, ಒಳಗೆ ಜನ ಇದ್ದಾರೆ!"

ವಿನೋದಾ ಇಬ್ಬರ ಮುಖವನ್ನೂ ನೋಡಿದರು. "ಇದು ನಿಜವಾದ ಅಪಾಯವಾ, ಝಹ್ರಾ?"

"ಬಣ್ಣ ನೋಡ್ಬೇಡಿ ಅಕ್ಕಾ, ಅಂಕಿ ನೋಡಿ. ಬಣ್ಣ ನಾನೇ ತಪ್ಪು ಇಟ್ಟದ್ದು."

ವಿನೋದಾ ಗೋಡೆಯಲ್ಲಿದ್ದ, ಕೈಯಿಂದ ಒತ್ತುವ ತುರ್ತು ಗುಂಡಿಯನ್ನು ಅಂಗೈಯಿಂದಲೇ ಗುದ್ದಿದರು. ಸೈರನ್ ಕಿವಿ ಸೀಳುವಂತೆ ಕೂಗಿತು. ಪ್ಯಾಕಿಂಗ್ ಹಾಲಿನಿಂದ ಹೆಂಗಸರು ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೆಮ್ಮುತ್ತಾ ಅಂಗಳಕ್ಕೆ ಓಡಿಬಂದರು. ಮುಖವಾಡ ತೊಟ್ಟ ಇಬ್ಬರು ಒಳನುಗ್ಗಿ ಕೊಳವೆಯ ವಾಲ್ವ್ ತಿರುಗಿಸಿದರು.

"ರೇಚಲ್ ಎಲ್ಲಿ?" ಹೆಂಗಸರಲ್ಲೊಬ್ಬಳು ಕಿರುಚಿದಳು. ಜತೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು ಹೊರಬಂದಿರಲಿಲ್ಲ.

ಬಾಗಿಲಿನತ್ತ ಓಡಹೊರಟ ಝಹ್ರಾಳ ತೋಳನ್ನು ವಿನೋದಾ ಬಿಗಿಯಾಗಿ ಹಿಡಿದರು. "ನೀನು ಹೋದ್ರೆ ಇಬ್ಬರನ್ನು ಎತ್ತಬೇಕಾಗ್ತದೆ."

ಆ ಕಾಯುವಿಕೆ ಮುಗಿಯುವಂತೆಯೇ ಇರಲಿಲ್ಲ. ಕೊನೆಗೆ ಮುಖವಾಡದವರು ರೇಚಲ್‌ಳನ್ನು ನಡುವೆ ಆನಿಸಿಕೊಂಡು ಹೊರತಂದರು. ಕಣ್ಣುಗಳು ಕೆಂಪಗೆ ಊದಿದ್ದವು. ಆದರೆ ಉಸಿರಾಡುತ್ತಿದ್ದಳು, ನೀರು ಕೇಳಿದಳು. ಝಹ್ರಾ ಅವಳ ಕಣ್ಣಿಗೆ ಬೊಗಸೆ ಬೊಗಸೆಯಾಗಿ ನೀರು ಹಾಕುತ್ತಲೇ ಇದ್ದಳು, ಆಂಬುಲೆನ್ಸ್ ಬರುವ ತನಕ.

ಮಾಲೀಕರು ಬಂದು ಎಂತ ಆಯಿತೆಂದು ಕೇಳಿದಾಗ ಶೋಭಿತ್ ಸೆನ್ಸರಿನ ಮೇಲೆ ತಪ್ಪು ಹೊರಿಸಿದ. ಝಹ್ರಾ ನಡುವೆಯೇ ಬಾಯಿಹಾಕಿದಳು: "ಸೆನ್ಸರ್ ಸರಿ ಉಂಟು ಸರ್. ಬಿಸಿಲಿನಲ್ಲಿ ಕಾಣದ ಬಣ್ಣವನ್ನು ನಾನು ಅಪಾಯಕ್ಕೆ ಇಟ್ಟೆ. ಸೈರನ್ ಕೂಡ ನಾವೇ ಆಫ್ ಮಾಡಿಸಿದ್ದು."

ಶೋಭಿತ್‌ನ ಮುಖ ಕಪ್ಪಿಟ್ಟಿತು. ಆಫೀಸಿಗೆ ಮರಳುವಾಗ ಅವನು ಕಾರಿನಲ್ಲಿ ಅವಳನ್ನು ಕರೆಯಲಿಲ್ಲ. ಅವಳು ಬಸ್ಸು ಹಿಡಿದಳು. ಮರುದಿನ ಅದೇ ಚಿತ್ರದ ಬಣ್ಣಗಳನ್ನು ತಲೆಕೆಳಗು ಮಾಡಿ, ಅಪಾಯಕ್ಕೆ ಉರಿಯುವ ಬಿಳುಪನ್ನಿಟ್ಟು, ಲ್ಯಾಪ್‌ಟಾಪನ್ನು ಶೈತ್ಯಾಗಾರಕ್ಕೆ ಒಯ್ದು ಸುಡುಬಿಸಿಲಿನಲ್ಲೇ ತೆರೆದು ವಿನೋದಾರ ಮುಂದೆ ಹಿಡಿದಳು: "ಈಗ ಕಾಣ್ತದಾ ಅಕ್ಕಾ?"