ಇಬ್ಬರೂ ಕೂಡಿ ಬರಬೇಕು

ಸೋಫಾ ಮೇಸ್ತ್ರಿಯ ಬಾಯಲ್ಲಿ ಆ ಸುಳ್ಳು ಹುಟ್ಟಿದಾಗ ಅವರ ತುಟಿಗಳ ನಡುವೆ ಸಣ್ಣ ಮೊಳೆಗಳಿದ್ದವು. ಒಂದು ಕುರ್ಚಿಯನ್ನು ತಲೆಕೆಳಗಾಗಿ ಮಲಗಿಸಿಕೊಂಡು ಅದರ ತಳಕ್ಕೆ ಬಟ್ಟೆ ಹೊಡೆಯುತ್ತಿದ್ದರು. ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುವುದು ಅವರ ಕಸುಬಿನವರ ಹಳೆಯ ರೂಢಿ. ಆಗ ಫೋನು ಬಂತು.

"ನಮಸ್ಕಾರ ಸಾರ್, ಮೇಡಂ ಇದ್ದಾರಾ?" ಎಂದಿತು ಒಂದು ಹುಡುಗಿಯ ದನಿ.

"ಇದ್ದಾಳೆ, ಒಳಗಿದ್ದಾಳೆ," ಎಂದರು ಮೇಸ್ತ್ರಿ.

ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕುಳಿತು ಅವರ ಹೆಂಡತಿ ಸೋಫಾದ ಗುಂಡಿಗಳಿಗೆ ಬಟ್ಟೆ ಸುತ್ತುತ್ತಿದ್ದಳು. ಮದುವೆಯಾದ ಲಾಗಾಯ್ತು ಅದು ಅವಳ ಕೆಲಸ, ಅದು ಅವಳ ಕೋಣೆ. ಯಾರು ಕೇಳಿದರೂ "ಒಳಗಿದ್ದಾಳೆ" ಎಂದು ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. ಅವಳು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ನಾಲಿಗೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಮೇಡಂ ಹಿಂದೆ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಮ್ಮ ಮೇಜಿನ ಹತ್ತಿರ ನಿಂತು ಲಕ್ಕಿ ಡ್ರಾಗೆ ಫೋನ್ ನಂಬರ್ ಕೊಟ್ಟಿದ್ದರು. ಈಗ ಅವರ ಅದೃಷ್ಟ ಖುಲಾಯಿಸಿದೆ. ನಮ್ಮ ಯಾವುದಾದರೂ ರೆಸಾರ್ಟಿನಲ್ಲಿ ಬಿಟ್ಟಿಯಾಗಿ ತಂಗಬಹುದು. ಭಾನುವಾರ ಬಂದು ನಮ್ಮ ಪಾಯಿಂಟ್ಸ್ ಯೋಜನೆಯ ವಿಷಯ ಕೇಳಿಕೊಂಡು ಹೋದರೆ ಸಾಕು. "ಆದರೆ ಇಬ್ಬರೂ ಕೂಡಿ ಬರಬೇಕು ಸಾರ್. ಗಂಡ ಹೆಂಡತಿ ಜೋಡಿಯಾಗಿ ಬಂದರೇನೇ ಒಳಗೆ ಬಿಡೋದು."

ಮೇಸ್ತ್ರಿ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. ಈಗ ನಿಜ ಹೇಳಬಹುದಿತ್ತು. ಆದರೆ ಆ ಹುಡುಗಿಯ ಮಾತು ಮುಗಿಯುವವರೆಗೆ ಹೆಂಡತಿ ಒಳಗಿನ ಕೋಣೆಯಲ್ಲಿ ಇದ್ದಳು. ಕತ್ತರಿಯ ಸದ್ದು ಕೇಳಿಸಿದಂತೆಯೂ ಇತ್ತು. ಇದ್ದವಳನ್ನು ತಾವೇ ಬಾಯಿ ಬಿಟ್ಟು ಹೊರಗೆ ಕಳಿಸುವ ಧೈರ್ಯ ಮೇಸ್ತ್ರಿಗೆ ಆಗಲಿಲ್ಲ.

"ಬರ್ತೀವಿ," ಎಂದರು.

ಆಮೇಲೆ ಆ ಮಾತಿಗೆ ಕಾರಣಗಳನ್ನು ಹುಡುಕಿಕೊಂಡರು. ಪಾಪ, ಅವಳು ಆಸೆಪಟ್ಟು ನಂಬರ್ ಕೊಟ್ಟಿದ್ದಳು. "ಬರೋ ವರ್ಷ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ ಕಣೇ" ಎಂದು ಪ್ರತಿ ವರ್ಷವೂ ಹೇಳಿ, ಪ್ರತಿ ವರ್ಷವೂ ಯಾರದೋ ಮದುವೆಮನೆಯ ಸೋಫಾಸೆಟ್ಟಿಗೆ ಒಪ್ಪಿಕೊಂಡು ಕೂತವರು ತಾವು. ಊರವರಿಗೆಲ್ಲ ಒರಗಿ ಕೂರಲು ಮೆತ್ತೆ ಹೊಲಿದುಕೊಟ್ಟವರು, ಅವಳನ್ನು ಒಂದು ದಿನ ಒರಗಿ ಕೂರಿಸಲಿಲ್ಲ. ಈಗಲಾದರೂ ಅವಳ ಹೆಸರಿನಲ್ಲಿ ಸಮುದ್ರದ ಹತ್ತಿರ ಒಂದು ಜಾಗ ಹಿಡಿದರೆ ಋಣ ಕೊಂಚ ತೀರೀತು. ಸಂಜೆ ದೇವರ ಮುಂದೆ ಕುಳಿತಾಗ ಇದನ್ನೇ ದೇವರಿಗೂ ಹೇಳಿದರು. ಹೇಳುವಾಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು.

ಜೋಡಿಗೆ ಯಾರು? ಹೆಂಡತಿಯ ತಂಗಿ ಇದ್ದಳು. ತಲೆ ನೆರೆತರೂ ಎಲ್ಲರಿಗೂ ಅವಳು ಪುಟ್ಟಿಯೇ. ಆಸ್ಪತ್ರೆಯೊಂದರ ಬಟ್ಟೆ ಕೋಣೆ ಅವಳ ಸುಪರ್ದಿನಲ್ಲಿತ್ತು. ಒಗೆದು ಬಂದ ಚಾದರಗಳನ್ನು ಎಣಿಸಿ, ಮಡಿಸಿ, ವಾರ್ಡುಗಳಿಗೆ ಕಳಿಸುವ ಕೆಲಸ. ಮದುವೆಯ ಮಾತು ಬಂದಾಗಲೆಲ್ಲ ಹಾಸಿಗೆ ಹಿಡಿದಿದ್ದ ತಾಯಿ ಅಡ್ಡ ಬಂದಳು. ತಾಯಿ ಹೋದ ಮೇಲೆ ಮದುವೆಯ ಮಾತೇ ಬರಲಿಲ್ಲ. ಬಾಯಿ ಮಾತ್ರ ಅಕ್ಕನಿಗಿಂತ ಹರಿತ.

"ನಿನ್ನಕ್ಕನ ಹೆಸರಿಗೆ ಏನೋ ಬಹುಮಾನ ಬಂದಿದೆ. ಮನೆಯವರು ಇಬ್ಬರು ಹೋಗಬೇಕಂತೆ. ಬಾ," ಎಂದು ಕರೆದರು. ಉಳಿದ ಅರ್ಧವನ್ನು ನುಂಗಿಕೊಂಡರು.

ಭಾನುವಾರ ಆ ದೊಡ್ಡ ಕಟ್ಟಡದ ಲಿಫ್ಟಿನಲ್ಲಿ, ಬಾಗಿಲು ಮುಚ್ಚಿದ ಮೇಲೆ, ನುಂಗಿದ್ದನ್ನು ಕಕ್ಕಿದರು.

"ಪುಟ್ಟಿ, ಅಲ್ಲಿ ನನ್ನನ್ನ ಭಾವ ಅಂತ ಕರೀಬೇಡ."

"ಮತ್ತೇನಂತ ಕರೀಲಿ? ತಾತಾ ಅಂತಲಾ?"

"ಅಲ್ಲಿ... ಗಂಡ ಹೆಂಡತೀನೇ ಬರಬೇಕಂತೆ."

ಪುಟ್ಟಿ ಅವರನ್ನು ನೋಡಿದಳು. ಲಿಫ್ಟಿನ ಕನ್ನಡಿಯಲ್ಲೂ ಒಬ್ಬಳು ಪುಟ್ಟಿ ಅವರನ್ನು ನೋಡಿದಳು. ಎಲ್ಲಿ ತಿರುಗಿದರೂ ಆ ನೋಟದಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ನೀವು ಅವರಿಗೆ ಹೇಳಿಲ್ವಾ, ಅಕ್ಕ ಇಲ್ಲ ಅಂತ?"

ಮೇಸ್ತ್ರಿ ತಲೆ ತಗ್ಗಿಸಿದರು.

"ಚೆನ್ನಾಗಿದೆ," ಎಂದಳು ಪುಟ್ಟಿ. ಬಾಗಿಲು ತೆರೆಯಿತು. ಅವಳು ಹಿಂದಕ್ಕೆ ಹೋಗುತ್ತಾಳೆಂದು ಮೇಸ್ತ್ರಿ ಕಾದರು. ಅವಳು ಸೆರಗು ಸರಿಪಡಿಸಿಕೊಂಡು ಮುಂದೆ ನಡೆದಳು. "ಬನ್ನಿ. ಬಂದಿದ್ದಾಗಿದೆ. ಇಲ್ಲಿಂದ ಓಡಿಹೋದ್ರೆ ಕಳ್ಳರು ಅಂದ್ಕೊಂಡಾರು."

ಬಾಗಿಲಲ್ಲೇ ಇಬ್ಬರಿಗೂ ಸೇರಿ ಜೋಡಿ ಟವೆಲಿನ ಒಂದು ಪೊಟ್ಟಣ ಕೊಟ್ಟರು. ಒಂದು ನೀಲಿ, ಒಂದು ಗುಲಾಬಿ. ಒಳಗೆ ದುಂಡನೆಯ ಮೇಜುಗಳು, ಮೇಜಿಗೊಂದು ಜೋಡಿ, ಗೋಡೆಯ ತುಂಬ ಬೆಟ್ಟ, ಸರೋವರ, ಸಮುದ್ರದ ಚಿತ್ರಗಳು. ಹಿನ್ನೆಲೆಯಲ್ಲಿ ಸಂಗೀತ ಬೇರೆ. ಮೇಸ್ತ್ರಿ ಕುಳಿತ ಸೋಫಾ ಹೊರಗೆ ಮಿಂಚುತ್ತಿತ್ತು, ಒಳಗೆ ಸ್ಪ್ರಿಂಗು ಸತ್ತಿತ್ತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದರು. ಇವತ್ತು, ಇದಕ್ಕೂ ನನಗೂ ಸರಿಹೋಯಿತು ಎಂದುಕೊಂಡರು.

ಅವರ ಮೇಜಿಗೆ ಬಂದವಳು ಮುತ್ತಿನ ಓಲೆಯ ಹೆಂಗಸು. ನಗು ಮುಖದವಳು, ಮಾತು ಬಲ್ಲವಳು. ಅವಳು ವಿವರಿಸಿದಳು. ನೀವು ಒಂದು ಸಲ ಪಾಯಿಂಟುಗಳನ್ನು ಕೊಂಡರೆ ವರ್ಷ ವರ್ಷವೂ ಅವು ನಿಮ್ಮ ಲೆಕ್ಕಕ್ಕೆ ಬರುತ್ತವೆ. ಅವನ್ನು ಕೊಟ್ಟು ನಮ್ಮ ಯಾವ ರೆಸಾರ್ಟಿನಲ್ಲಾದರೂ ತಂಗಬಹುದು. ಆದರೆ ಒಂದನ್ನು ಮಾತ್ರ ಇದು ನಮ್ಮ ಮನೆ ಎಂದು ಆರಿಸಿಕೊಳ್ಳಬೇಕು. ಅಲ್ಲಿ ಎಲ್ಲರಿಗಿಂತ ಮೊದಲು ಕೋಣೆ ಹಿಡಿಯುವ ಹಕ್ಕು ನಿಮಗೆ. ಮಿಕ್ಕ ಕಡೆ, ಮಿಕ್ಕವರು ಬಿಟ್ಟದ್ದು.

"ಅದಕ್ಕೇ ಅಮ್ಮ, ಮನೆ ಆರಿಸೋದರಲ್ಲಿ ಅವಸರ ಮಾಡಬಾರದು. ಆಮೇಲೆ ಬದಲಾಯಿಸೋಕಾಗಲ್ಲ."

"ಗಂಡನ್ನ ಆರಿಸಿದ ಹಾಗೆ ಅನ್ನಿ," ಎಂದಳು ಪುಟ್ಟಿ.

ಮುತ್ತಿನ ಓಲೆಯವಳು ಗಟ್ಟಿಯಾಗಿ ನಕ್ಕಳು. "ಸಾರ್, ನಿಮ್ಮ ಮನೆಯವರು ಬಲು ಜೋರು!"

ಮೇಸ್ತ್ರಿಯ ಕಿವಿ ಬಿಸಿಯಾಯಿತು. 'ನಿಮ್ಮ ಮನೆಯವರು' ಎಂಬ ಮಾತನ್ನು ಅಲ್ಲಗಳೆಯದೆ ಸುಮ್ಮನೆ ಕುಳಿತದ್ದು ಎರಡನೆಯ ಸುಳ್ಳು. ಮೊದಲನೆಯದಕ್ಕಾದರೆ ನಾಲಿಗೆಯ ಮೇಲೆ ತಪ್ಪು ಹೊರಿಸಬಹುದಿತ್ತು.

"ಈಗ ಒಂದು ಆಟ," ಎಂದಳು ಅವಳು. ಇಬ್ಬರ ಕೈಗೂ ಚಿತ್ರದ ಕಾರ್ಡುಗಳನ್ನು ಕೊಟ್ಟಳು. ಬೆಟ್ಟದ್ದೊಂದು, ಸರೋವರದ್ದೊಂದು, ಸಮುದ್ರದ್ದೊಂದು. "ಸಾರ್, ಅಮ್ಮನಿಗೆ ಯಾವುದು ಇಷ್ಟ ಅಂತ ನಿಮಗನ್ನಿಸುತ್ತೋ ಅದನ್ನ ನೀವು ಇಟ್ಕೊಳ್ಳಿ. ಅಮ್ಮ, ನಿಮಗೆ ಇಷ್ಟವಾದದ್ದನ್ನ ನೀವು ಇಟ್ಕೊಳ್ಳಿ. ನಾನು ಹೇಳಿದಾಗ ಇಬ್ಬರೂ ಒಟ್ಟಿಗೆ ತೋರಿಸಬೇಕು. ಒಂದೇ ಬಂದರೆ ಹಾಲ್‌ನವರೆಲ್ಲ ಚಪ್ಪಾಳೆ ಹೊಡೀತಾರೆ."

ಮೇಸ್ತ್ರಿ ಯೋಚಿಸಲಿಲ್ಲ. ಯೋಚಿಸಲು ಏನಿತ್ತು? ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಸಮುದ್ರಕ್ಕೆ ಹೋಗಿದ್ದರು. ಅವಳು ನೀರಿನಂಚಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗುವನ್ನು ಅವರು ಬಾಳೆಲ್ಲ ಜೋಪಾನ ಮಾಡಿಟ್ಟುಕೊಂಡಿದ್ದರು. ಸಮುದ್ರದ ಕಾರ್ಡನ್ನು ಎದೆಗೆ ಒತ್ತಿ ಹಿಡಿದರು.

"ತೋರಿಸಿ!"

ಪುಟ್ಟಿಯ ಕೈಯಲ್ಲಿ ಬೆಟ್ಟವಿತ್ತು.

"ಅಯ್ಯೋ ಸಾರ್, ಇಷ್ಟು ವರ್ಷ ಸಂಸಾರ ಮಾಡಿ ಇದೇನಾ?" ಎಂದು ಮುತ್ತಿನ ಓಲೆಯವಳು ಕೆನ್ನೆಗೆ ಕೈ ಹಚ್ಚಿಕೊಂಡಳು. ಪಕ್ಕದ ಮೇಜಿನ ಜೋಡಿಯೂ ನಕ್ಕಿತು.

"ಇವಳಿಗೆ ಗೊತ್ತಿಲ್ಲ," ಎಂದರು ಮೇಸ್ತ್ರಿ, ಸ್ವಲ್ಪ ಸಿಟ್ಟಿನಿಂದಲೇ. "ಸಮುದ್ರಾನೇ. ಅಲ್ಲಿ ನಿಂತು ಅಷ್ಟು ನಕ್ಕಿದ್ದನ್ನ ನಾನು ಕಣ್ಣಾರೆ ನೋಡಿಲ್ವಾ?"

ಪುಟ್ಟಿ ಕಾರ್ಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಚಾದರ ಮಡಿಸುವವಳು ಅಂಚಿಗೆ ಅಂಚು ಸರಿಹೊಂದಿಸುವ ಹಾಗೆ, ಮೇಜಿನ ಅಂಚಿಗೆ ಸರಿಯಾಗಿ ಇಟ್ಟಳು. ಆಮೇಲೆ ಹೇಳಿದಳು:

"ರೀ, ಅವತ್ತು ಅಲೆ ಬಂದು ನಿಮ್ಮನ್ನ ಕೆಡವಿತ್ತು ಕಣ್ರೀ. ಚಪ್ಪಲಿ ತೇಲಿಕೊಂಡು ಹೋಯ್ತು. ನೀವು ಅದರ ಹಿಂದೆ ಬಾತುಕೋಳಿ ಥರ ಓಡಿದಿರಿ. ನಕ್ಕಿದ್ದು ನಿಮ್ಮನ್ನ ನೋಡಿ. ಸಮುದ್ರಾನ ನೋಡಿ ಅಲ್ಲ."

ಆ ಧಾಟಿ ಅಕ್ಕನದೇ. 'ಕಣ್ರೀ' ಎನ್ನುವಾಗ ಕೊನೆಯನ್ನು ಸ್ವಲ್ಪ ಎಳೆಯುವುದು, ಅದೂ ಅಕ್ಕನದೇ. ವರ್ಷದಿಂದ ಅವರನ್ನು 'ರೀ' ಎಂದವರಿಲ್ಲ. ಮೇಸ್ತ್ರಿಗೆ ಮೈ ಜುಮ್ಮೆಂದಿತು. 

"ಮತ್ತೆ ಬೆಟ್ಟ ಯಾಕಮ್ಮಾ?" ಎಂದಳು ಮುತ್ತಿನ ಓಲೆಯವಳು.

"ನಾನು ಗುಂಡಿ ಸುತ್ತೋ ಕೋಣೆಗೆ ಕಿಟಕಿ ಇಲ್ಲ ನೋಡಿ. ಪಕ್ಕದಲ್ಲೇ ಗೋಂದು ಕಾಯೋ ಒಲೆ. ಬೆವರಿ ಬೆವರಿ ಸಾಕಾಗಿತ್ತು. ಹಗಲು ಹೊತ್ತಿನಲ್ಲೇ ಕಂಬಳಿ ಹೊದ್ಕೊಂಡು ಮಲಗೋ ಅಷ್ಟು ಚಳಿ ಇರೋ ಕಡೆ ಒಂದ್ಸಲ ಹೋಗಬೇಕು ಅಂತ ಆಸೆ. ಇವರು ಸಮುದ್ರ ಸಮುದ್ರ ಅಂತಿದ್ರು, ಪಾಪ, ಆ ಮುಖ ನೋಡಿ ಹೂಂ ಅಂತಿದ್ದೆ."

ಮೇಸ್ತ್ರಿ ಸಮುದ್ರದ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ತಾವು ನಡೆಸಿಕೊಡದ ಮಾತಿಗಾಗಿ ವರ್ಷವೆಲ್ಲ ಅತ್ತಿದ್ದರು. ಈಗ ನೋಡಿದರೆ ಆ ಆಸೆಯೇ ಅವಳದಾಗಿರಲಿಲ್ಲ; ನಿಜವಾದ ಆಸೆಯನ್ನು ತಂಗಿಗೆ ಮಾತ್ರ ಹೇಳಿಕೊಂಡಿದ್ದಳು. ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದರೂ ಅವಳು ಸಂತೋಷದ ಮುಖ ಮಾಡಿಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದಳು. "ನಿನಗೆಲ್ಲಿ ಇಷ್ಟ?" ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಈ ಸಂಬಳದ ಹೆಂಗಸು, ಮಾರುವುದಕ್ಕಾಗಿಯೇ ಆದರೂ, ಕೇಳಿದಳು. ತಾವು ಕೇಳಲಿಲ್ಲ.

ಅಷ್ಟರಲ್ಲಿ ಮುತ್ತಿನ ಓಲೆಯವಳು ಎದ್ದು ನಿಂತು ಒಂದು ಸಣ್ಣ ಗಂಟೆ ಬಾರಿಸಿದಳು. "ಎಲ್ಲರೂ ಇತ್ತ ಕೇಳಿ! ಇಷ್ಟು ವರ್ಷ ಗಂಡನ ಸಂತೋಷಕ್ಕೆ ತನ್ನ ಆಸೆ ಬಚ್ಚಿಟ್ಟುಕೊಂಡಿದ್ದ ಹೆಂಡತಿ ಇವರು. ಇವತ್ತು ಇವರ ಯಜಮಾನರು ಇವರಿಗೆ ಬೆಟ್ಟದ ಮನೆ ಕೊಡಿಸ್ತಿದ್ದಾರೆ. ಅಮ್ಮ, ಎದ್ದು ನಿಲ್ಲಿ. ಸಾರ್, ನೀವೂ. ಕೈ ಹಿಡ್ಕೊಳ್ಳಿ ಸಾರ್, ನಾಚಿಕೆ ಯಾಕೆ!"

ಹಾಲ್ ತುಂಬ ಚಪ್ಪಾಳೆ ಬಿತ್ತು. ಪುಟ್ಟಿ ಎದ್ದು ನಿಂತಳು. ಮೇಸ್ತ್ರಿ ಅವಳ ಮುಖ ನೋಡಿದರು, ನೋಡಬಾರದಾಗಿತ್ತು. ಹರಿತ ಬಾಯಿಯ ಪುಟ್ಟಿ ಅಲ್ಲಿರಲಿಲ್ಲ. ನೆರೆತ ತಲೆಯ ಒಬ್ಬ ಹೆಂಗಸು, ತನ್ನದಲ್ಲದ ಮನೆಯ ಬಾಗಿಲಲ್ಲಿ ನಿಂತವಳಂತೆ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಅವಳ ಬಾಳಿನಲ್ಲಿ ಅವಳಿಗಾಗಿ ಯಾರೂ ಹೀಗೆ ಚಪ್ಪಾಳೆ ತಟ್ಟಿರಲಿಲ್ಲ. ತಟ್ಟಿದ್ದೂ ಅವಳಿಗಲ್ಲ. ಕೆನ್ನೆ ಕೆಂಪಾಗಿತ್ತು, ಕಣ್ಣು ತುಂಬಿತ್ತು.

ನೆಲ ಬಾಯಿ ಬಿಟ್ಟಿದ್ದರೆ ಮೇಸ್ತ್ರಿ ಅಲ್ಲೇ ಇಳಿದುಬಿಡುತ್ತಿದ್ದರು.

"ನಿಲ್ಲಿಸಿ," ಎಂದರು. ಚಪ್ಪಾಳೆಯಲ್ಲಿ ಅದು ಕೇಳಿಸಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದರು. "ನಿಲ್ಲಿಸಿ. ಇವಳು ನನ್ನ ಹೆಂಡತಿ ಅಲ್ಲ. ನಾದಿನಿ. ನನ್ನ ಹೆಂಡತಿ ತೀರಿಕೊಂಡಿದ್ದಾಳೆ. ಸುಳ್ಳು ಹೇಳಿ ಬಂದೆ. ಇವಳದೇನೂ ತಪ್ಪಿಲ್ಲ, ಲಿಫ್ಟಿಗೆ ಹತ್ತಿಸೋವರೆಗೂ ಇವಳಿಗೆ ಗೊತ್ತೇ ಇರಲಿಲ್ಲ."

ಚಪ್ಪಾಳೆ ಒಮ್ಮೆಲೇ ನಿಲ್ಲಲಿಲ್ಲ. ದೂರದ ಮೇಜಿನವರು ಕೇಳಿಸದೆ ಇನ್ನೂ ತಟ್ಟುತ್ತಿದ್ದರು. ಹತ್ತಿರದವರೊಬ್ಬರು ತಲೆ ಬಗ್ಗಿಸಿ ಹಣ್ಣಿನ ರಸ ಹೀರತೊಡಗಿದರು. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ?" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು.

ಮುತ್ತಿನ ಓಲೆಯವಳ ಮುಖದ ನಗು ಮೊದಲ ಸಲ ಅಳುಕಿತು. ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡಳು. "ಕೂತ್ಕೊಳ್ಳಿ ಸಾರ್. ನೀರು ಕುಡೀರಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಕೆಲಸ ಬಿಡಲಾಗದವಳಂತೆ, ತಗ್ಗಿದ ದನಿಯಲ್ಲಿ, "ಒಬ್ಬರಿಗೂ ಒಂದು ಯೋಜನೆ ಇದೆ ಸಾರ್..." ಎಂದಳು.

"ಬೇಡ ತಾಯಿ," ಎಂದರು ಮೇಸ್ತ್ರಿ. "ಕಂಬಳಿ ಹೊದ್ಕೊಳ್ಳೋರೇ ಇಲ್ಲದ ಮೇಲೆ ಬೆಟ್ಟ ತಗೊಂಡು ಏನು ಮಾಡಲಿ?"

ಲಿಫ್ಟಿನಲ್ಲಿ ಇಳಿಯುವಾಗ ಇಬ್ಬರೂ ಕನ್ನಡಿಗೆ ಬೆನ್ನು ಹಾಕಿ ನಿಂತರು. ಬಸ್ ನಿಲ್ದಾಣದ ಬೆಂಚಿನಲ್ಲಿ ನಡುವೆ ಟವೆಲಿನ ಪೊಟ್ಟಣ ಇಟ್ಟುಕೊಂಡು ಕುಳಿತರು.

"ನಿನ್ನಕ್ಕ ನನ್ನ ಕ್ಷಮಿಸ್ತಾಳಾ ಪುಟ್ಟಿ?"

"ಅಕ್ಕನದೇನು, ಕ್ಷಮಿಸಿ ಕ್ಷಮಿಸಿ ಅವಳಿಗೆ ರೂಢಿ ಇದೆ." ಸೆರಗಿನ ತುದಿಯನ್ನು ಅಂಚಿಗೆ ಅಂಚು ಮಡಿಸಿದಳು. "ಭಾವ, ಆ 'ರೀ' ಅನ್ನೋ ಮಾತು ನಾನು ಜೀವಮಾನದಲ್ಲಿ ಯಾರಿಗೂ ಅಂದವಳಲ್ಲ. ಚಿಕ್ಕವಳಿದ್ದಾಗ ಕನ್ನಡಿ ಮುಂದೆ ನಿಂತು ಅಂದು ನೋಡ್ಕೊಂಡಿದ್ದೆ. ಆಮೇಲೆ ಎತ್ತಿಟ್ಟುಬಿಟ್ಟೆ. ಇವತ್ತು ಅದನ್ನ ಅಲ್ಲಿ, ಆ ಜನರ ಮುಂದೆ, ಸುಳ್ಳಿಗೋಸ್ಕರ ಆಡಿಸಿಬಿಟ್ರಿ."

ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಆಡಿಸಿದ ಮಾತೂ ಬರುವುದಿಲ್ಲ. ಹೆಂಡತಿಯ ವಿಷಯದಲ್ಲಿ ಮಾಡಿದ ತಪ್ಪನ್ನು ತಿಳಿದುಕೊಂಡ ಗಳಿಗೆಯಲ್ಲಿಯೇ ಅವಳ ತಂಗಿಗೂ ಅದೇ ತಪ್ಪು ಮಾಡಿದ್ದರು. ಬಾ ಎಂದು ಕರೆದಿದ್ದರು. ಏನಾಗಿ ಬರುತ್ತೀಯಾ ಎಂದು ಕೇಳಿರಲಿಲ್ಲ. ತಪ್ಪಾಯಿತು ಎನ್ನಲು ಹೊರಟರು. ಆ ಮಾತು ಚಿಕ್ಕದೆನಿಸಿತು. ಬೇರೊಂದನ್ನು ಕೇಳಿದರು.

"ಪುಟ್ಟಿ, ಅಲ್ಲಿ ನೀನು ಅಕ್ಕನಿಗೋಸ್ಕರ ಬೆಟ್ಟ ಹಿಡಿದೆ. ನಿನಗೆ... ನಿನಗೆ ಯಾವುದು ಇಷ್ಟ?"

ಪುಟ್ಟಿ ಮೂಗಿನ ತುದಿಯನ್ನು ಸೆರಗಿನಿಂದ ಒತ್ತಿಕೊಂಡಳು.

"ಇವತ್ತು ಕೇಳಬೇಡಿ. ನಾಚಿಕೆ ಆಗಿ ಕೇಳ್ತಿದ್ದೀರಿ. ಇನ್ನೊಂದಿನ ಮನೆಗೆ ಬಂದು, ಕೂತು, ಸುಮ್ಮನೆ ಕೇಳಿ. ಹೇಳ್ತೀನಿ."

ಬಸ್ಸು ದೂರದಲ್ಲಿ ಕಾಣಿಸಿತು. ಮೇಸ್ತ್ರಿ ಪೊಟ್ಟಣವನ್ನು ಬೆಂಚಿನ ಮೇಲೆಯೇ ಬಿಟ್ಟು ಏಳಲು ನೋಡಿದರು. ಪುಟ್ಟಿ ಅದನ್ನು ಕಸಿದುಕೊಂಡಳು.

"ಟವೆಲು ಏನು ಪಾಪ ಮಾಡಿತ್ತು?" ಎಂದು ಬಿಚ್ಚಿ, ಗುಲಾಬಿಯದರ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. "ಬಣ್ಣ ಬಿಡುತ್ತೆ. ಬೇರೆ ಬಟ್ಟೆ ಜೊತೆ ನೆನೆಸಬೇಡಿ." ನೀಲಿಯದನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಗುಲಾಬಿಯದನ್ನು ಅವರ ತೊಡೆಯ ಮೇಲಿಟ್ಟಳು. ಅವಳ ಬಸ್ಸು ಬಂತು. "ಬರ್ತೀನಿ, ಭಾವ," ಎಂದಳು. ಭಾವ ಎನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದಳು.

ಅಂಗಡಿಗೆ ಬಂದು ಮೇಸ್ತ್ರಿ ದೀಪ ಹಚ್ಚಿ ದೇವರ ಮುಂದೆ ಕುಳಿತರು. ಬೇಡಿಕೊಳ್ಳಲು ಏನೂ ತೋಚಲಿಲ್ಲ. ಅವತ್ತು ಕಣ್ಣು ಮಾತ್ರ ಮುಚ್ಚಲಿಲ್ಲ. ಆಮೇಲೆ ಎದ್ದು ಒಳಗಿನ ಕೋಣೆಗೆ ಹೋದರು. ಹೆಂಡತಿ ಹೋದ ಮೇಲೆ ಅಲ್ಲಿ ಕಾಲಿಟ್ಟವರಲ್ಲ. ಬಟ್ಟೆ ಸುತ್ತಿದ ಗುಂಡಿಗಳು ಡಬ್ಬಿಯಲ್ಲಿ ಹಾಗೆಯೇ ಇದ್ದವು. ಅವಳ ಮಣೆಯ ಮೇಲೆ ಕುಳಿತುಕೊಂಡರು. ಗೋಂದಿನ ಒಲೆಯನ್ನು ಅವತ್ತು ಹಚ್ಚಿರಲಿಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲೇ ಬೆನ್ನಿನ ಮೇಲೆ ಬೆವರು ಇಳಿಯತೊಡಗಿತು. ಒರೆಸಿಕೊಳ್ಳಲು ಟವೆಲು ಕೈಯಲ್ಲೇ ಇತ್ತು. ಅವರು ಒರೆಸಿಕೊಳ್ಳಲಿಲ್ಲ.