ಗೋಡೆ ಕಡೆಯ ಮೊಟ್ಟೆಗಳು

ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಅಜ್ಜಿ ಪ್ರತಿವರ್ಷ ಮೊಟ್ಟೆಗೆ ಸೂಜಿ ಚುಚ್ಚಿ, ಒಳಗಿನದನ್ನು ಊದಿ ತೆಗೆದು, ಖಾಲಿ ಚಿಪ್ಪಿನ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದಳು. ಮನೆಮಂದಿ ವಾರಗಟ್ಟಲೆ ಆಮ್ಲೆಟ್ ತಿಂದು ಸುಸ್ತಾಗುತ್ತಿದ್ದರು. ಈ ವರ್ಷ ಅವಳ ಕೈ ನಡುಗತೊಡಗಿತ್ತು. ನೆಟ್ಟಗೆ ಹೊರಟ ಗೆರೆ ಕುಡಿದವನ ನಡಿಗೆಯಂತೆ ಸೊಟ್ಟಗಾಗುತ್ತಿತ್ತು.

“ಸಾಕು ಬಿಡಿ ಅತ್ತೆ, ಅಂಗಡೀಲಿ ಎಲ್ಲಾ ಒಂದೇ ಥರ ಇರೋದು ಸಿಗುತ್ತೆ,” ಎಂದಳು ಸೊಸೆ.

“ನಡುಗ್ತಿರೋದು ಕೈ ಕಣೇ, ನಾನಲ್ಲ,” ಎಂದು ಅಜ್ಜಿ ಮತ್ತೊಂದು ಮೊಟ್ಟೆ ಎತ್ತಿಕೊಂಡಳು.

ಸೊಸೆ ಅಂಗಡಿಗೆ ಹೋಗಿ ಥಳಥಳಿಸುವ ಬೆಳ್ಳಿಗುಂಡುಗಳನ್ನು ತಂದಳು. ಮರ ಸಿಂಗರಿಸುವಾಗ ಅವನ್ನು ಮುಂದೆ ತೂಗುಹಾಕಿ, ಅತ್ತೆಯ ಚಿಪ್ಪುಗಳನ್ನೆಲ್ಲ ಹಿಂದೆ, ಗೋಡೆಯ ಕಡೆಗೆ ಕಟ್ಟಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ. ಅಜ್ಜಿಯ ಕಣ್ಣಿಗೆ ಅದು ಬೀಳದೇ ಇರುತ್ತದೆಯೇ?

ನೆಂಟರು ಬಾಗಿಲು ತಟ್ಟಿದಾಗ ಅವಳು ಎದ್ದು ಬಂದಳು. ನಡುಗುವ ಎರಡೂ ಕೈಯಲ್ಲಿ ಮರದ ಕುಂಡವನ್ನು ಹಿಡಿದು, ಮರವೂ ಗಡಗಡ ನಡುಗುವಂತೆ ಹಿಂದುಮುಂದಾಗಿ ತಿರುಗಿಸಿಟ್ಟಳು. ಸೊಟ್ಟ ಗೆರೆಯ ಚಿಪ್ಪುಗಳು ಬಾಗಿಲಿಗೆ ಮುಖ ಮಾಡಿ ತೂಗಾಡಿದವು.

“ಅಯ್ಯೋ, ನನ್ನ ಬೆಳ್ಳಿಗುಂಡು!” ಎಂದು ಸೊಸೆ ಕೂಗಿದಳು.

“ಅವು ಗೋಡೆ ನೋಡ್ಕೊಂಡಿರಲಿ,” ಎಂದಳು ಅಜ್ಜಿ. “ನೀನು ಹೋಗಿ ಬಾಗಿಲು ತೆಗಿ.”